ಹನ್ನೊಂದೂವರೆ ನಂಬರಿನ ಕೋಣೆ

ನಾನು ಕಂಡಕ್ಟರಾಗಿ ಸೇರಿದಾಗ ಆಸ್ಪತ್ರೆಯ ಹನ್ನೊಂದನೇ ಕೋಣೆಯಿಂದ ಹನ್ನೆರಡನೇ ಕೋಣೆಗೆ ಬಸ್ಸಿನಲ್ಲಿ ಹದಿನೆಂಟು ನಿಮಿಷ ಹಿಡಿಯುತ್ತಿತ್ತು. ಈಗ ನಲವತ್ತು, ಅದೂ ದಾರಿಯಲ್ಲಿ ಎಮ್ಮೆಗಳು ಅಡ್ಡ ಬರದಿದ್ದರೆ. ಎರಡು ಕೋಣೆಗಳ ನಡುವೆ ಇರುವುದು ಒಂದೇ ಗೋಡೆ. ನಮ್ಮೂರಲ್ಲಿ ಗೋಡೆಗಳು ದಪ್ಪವಾಗುತ್ತವೆ. ಎಲ್ಲವೂ ಅಲ್ಲ, ಕೆಲವು. ನಮ್ಮ ಅತ್ತೆಯ ಮನೆಯಲ್ಲಿ ಅಡುಗೆಮನೆಗೂ ನಡುಮನೆಗೂ ಮಧ್ಯೆ ಇದ್ದ ಗೋಡೆ ಇಪ್ಪತ್ತು ವರ್ಷದಲ್ಲಿ ಅರ್ಧ ಫರ್ಲಾಂಗ್ ಬೆಳೆಯಿತು. ಒಲೆಯಿಂದ ಇಳಿಸಿದ ಸಾರು ಮಾವನ ತಟ್ಟೆ ಸೇರುವಷ್ಟರಲ್ಲಿ ಆರಿ ತಣ್ಣಗಾಗಿರುತ್ತಿತ್ತು, ಅದಕ್ಕೂ ಬೈಗುಳ ಅತ್ತೆಗೇ. ಹೆಣ್ಣು ಕೊಡುವವರು ನಮ್ಮೂರಲ್ಲಿ ಜಾತಕಕ್ಕಿಂತ ಮೊದಲು ‘ನಿಮ್ಮ ಅಡುಗೆಮನೆ ಗೋಡೆ ಎಷ್ಟು ಮೊಳ?’ ಎಂದು ಕೇಳುತ್ತಾರೆ.

ಆಸ್ಪತ್ರೆಯ ಆ ಗೋಡೆ ಮಾತ್ರ ಊರಿನ ಎಲ್ಲ ಗೋಡೆಗಳನ್ನೂ ಮೀರಿಸಿತು. ಒಂದು ಕಾಲದಲ್ಲಿ ಹನ್ನೊಂದರಲ್ಲಿ ಯಾರಾದರೂ ಕೆಮ್ಮಿದರೆ ಹನ್ನೆರಡರವರು ‘ಒಂದು ಗುಟುಕು ನೀರು ಕುಡೀರಿ’ ಎನ್ನುತ್ತಿದ್ದರಂತೆ. ಆಮೇಲೆ ನಡುವೆ ಒಂದು ಓಣಿಯಷ್ಟು ದೂರವಾಯಿತು, ಆಮೇಲೆ ಒಂದು ಬೀದಿಯಷ್ಟು. ಕೊನೆಗೆ ಬಸ್ಸು ಹಾಕಿದರು. ಹನ್ನೊಂದನೇ ಕೋಣೆಯಲ್ಲಿ ಎಚ್‌ಐವಿ ಇರುವವರಿಗೆ ಮಾತ್ರೆ ಕೊಡುತ್ತಾರೆ. ಹನ್ನೆರಡನೆಯದು ಕುಟುಂಬ ಯೋಜನೆಯದು. ಗೋಡೆಯ ನಡುಮಧ್ಯದಲ್ಲಿ ಒಂದು ಸ್ಟಾಪು, ಒಂದು ಚಹಾ ಅಂಗಡಿ, ಎರಡು ಬಳೆ ಅಂಗಡಿ, ಈಚೆಗೆ ಒಂದು ಹಿಟ್ಟಿನ ಗಿರಣಿ. ಗೋಡೆ ಆಸ್ಪತ್ರೆಯದಾದ್ದರಿಂದ ಗಿರಣಿಯವನು ಕೂಡ ಡೆಟಾಲ್ ಹಾಕಿ ನೆಲ ಒರೆಸಬೇಕು ಎಂಬ ನಿಯಮವಿತ್ತು. ಅವನ ಹಿಟ್ಟಿನಲ್ಲಿ ಮಾಡಿದ ರೊಟ್ಟಿಗೆ ಗಾಯದ ವಾಸನೆ ಬರುತ್ತಿತ್ತು. ಜನ ಅಭ್ಯಾಸ ಮಾಡಿಕೊಂಡಿದ್ದರು.

ಬಸ್ಸಿಗೆ ಟಿಕೀಟಿಲ್ಲ. ನನ್ನ ಕೆಲಸ ಸೀಟಿ ಊದುವುದು, ಎರಡೂ ಕೋಣೆಗಳ ಟಪಾಲು ಚೀಲ ಹೊರುವುದು, ಮುದುಕರ ಕೈ ಹಿಡಿದು ಹತ್ತಿಸುವುದು. ಬಸ್ಸು ತುಂಬಿರುತ್ತಿತ್ತು, ಆದರೆ ಹನ್ನೊಂದರಲ್ಲಿ ಹತ್ತಿದ ಹೆಂಗಸು ಹನ್ನೆರಡರಲ್ಲಿ ಇಳಿದದ್ದನ್ನು ನಾನು ನೋಡಿರಲಿಲ್ಲ. ಹಾಗೆ ಇಳಿದರೆ ಇಡೀ ಬಸ್ಸಿಗೆ ಗೊತ್ತಾಗುತ್ತದಲ್ಲ. ಮಾತ್ರೆ ನುಂಗುವವಳು, ಜೊತೆಗೆ ಗಂಡನ ಪಕ್ಕ ಮಲಗುವವಳೂ ಹೌದು ಅಂತ! ಒಂದೊಂದನ್ನು ಬೇಕಾದರೆ ಜನ ಕ್ಷಮಿಸುತ್ತಾರೆ, ಎರಡನ್ನೂ ಒಟ್ಟಿಗೆ ಕ್ಷಮಿಸುವುದಿಲ್ಲ. ಆದ್ದರಿಂದ ಅವರು ನಡುವಿನ ಸ್ಟಾಪಿನಲ್ಲಿ ಇಳಿದು ಬೇಡದ ಬಳೆ ಕೊಂಡು, ಬೇಡದ ಚಹಾ ಕುಡಿದು, ಮುಂದಿನ ಬಸ್ಸಿಗೆ ಹತ್ತುತ್ತಿದ್ದರು. ಅಲ್ಲಿಂದಲೇ ಮನೆಗೆ ವಾಪಸಾಗುವವರೇ ಹೆಚ್ಚು. ಮೊಣಕೈವರೆಗೆ ಬಳೆ ತೊಟ್ಟ ಹೆಂಗಸರನ್ನು ಕಂಡರೆ ನನಗೆ ಲೆಕ್ಕ ತಿಳಿಯುತ್ತಿತ್ತು: ಇವಳು ಎಷ್ಟು ಸಲ ಹೊರಟು ಎಷ್ಟು ಸಲ ಹಿಂದಿರುಗಿದ್ದಾಳೆ ಎಂದು.

ನನಗೆ ಬಳೆಯ ಅಗತ್ಯ ಬೀಳಲಿಲ್ಲ. ನಾನೂ ಆರು ವರ್ಷದಿಂದ ಹನ್ನೊಂದರ ಮಾತ್ರೆ ನುಂಗುತ್ತಿದ್ದೆ. ನನ್ನ ಗಂಡ ಸಾಯುವಾಗ ಬಿಟ್ಟುಹೋದ ಆಸ್ತಿ ಅದೊಂದೇ. ತಿಂಗಳಿಗೊಮ್ಮೆ ಹನ್ನೊಂದರ ಡಾಕ್ಟರು ಪದ್ಮರಾಜಯ್ಯನವರು ಟಪಾಲು ಚೀಲದ ತಳದಲ್ಲಿ ನನ್ನ ಪೊಟ್ಟಣ ಇಟ್ಟು ‘ಚಂಪಾವತಿ, ಭಾರ ಇದೆ, ಜೋಪಾನ’ ಎನ್ನುತ್ತಿದ್ದರು. ಖಾಕಿ ಹಾಕಿದವಳನ್ನು ಎಲ್ಲಿ ಹತ್ತಿದೆ, ಎಲ್ಲಿ ಇಳಿದೆ ಎಂದು ಯಾರೂ ಕೇಳುವುದಿಲ್ಲ. ದಿನಕ್ಕೆ ಐದಾರು ಸಲ ಹನ್ನೆರಡನೇ ಕೋಣೆಯ ಬಾಗಿಲಿಗೆ ಹೋಗುತ್ತಿದ್ದೆ, ಒಂದು ಸಲವೂ ನನಗಾಗಿ ಒಳಗೆ ಹೋಗಿರಲಿಲ್ಲ.

ಹೋಗಬೇಕಾದ ಕಾರಣ ಇತ್ತು. ಡ್ರೈವರ್ ಮೈಲಾರಪ್ಪ. ಹೆಂಡತಿ ತೀರಿಕೊಂಡವನು, ನನಗಿಂತ ಐದು ವರ್ಷ ದೊಡ್ಡವನು, ಕುಸುಬೆ ಎಣ್ಣೆ ಹಚ್ಚಿ ತಲೆ ಬಾಚುವವನು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನನ್ನ ಡಬ್ಬಿಗೆ ಶೇಂಗಾ ಚಟ್ನಿ ಹಾಕುತ್ತ, ‘ಚಂಪಾ, ನಾವಿಬ್ರೂ ಒಂದ ಮನೆ ಮಾಡೂಣೇನು?’ ಎಂದು ಕೇಳಿದ್ದ. ‘ಮುಂದಿನ ಸ್ಟಾಪಿನಲ್ಲಿ ಹೇಳ್ತೀನಿ’ ಎಂದೆ. ಎರಡು ವರ್ಷದಲ್ಲಿ ಎಷ್ಟು ಸ್ಟಾಪು ಬಂದು ಹೋದವೋ. ಅವನು ಮತ್ತೆ ಕೇಳಲಿಲ್ಲ, ಚಟ್ನಿ ಹಾಕುವುದನ್ನೂ ಬಿಡಲಿಲ್ಲ.

ಹುಲಿಗೆಮ್ಮ ಬಸ್ಸು ಹತ್ತಿದ್ದು ಒಂದು ಸೋಮವಾರ ಬೆಳಿಗ್ಗೆ. ಇಪ್ಪತ್ತಾರು ವರ್ಷದವಳು, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಕೆಲಸ, ಕುತ್ತಿಗೆಯಲ್ಲಿ ಯಾವಾಗಲೂ ಅಳತೆಯ ಟೇಪು. ಹನ್ನೊಂದರಲ್ಲಿ ಹತ್ತಿದಳು. ನಡುವಿನ ಸ್ಟಾಪು ಬಂತು, ಇಳಿಯಲಿಲ್ಲ. ಹನ್ನೆರಡು ಬಂತು, ಎಲ್ಲರ ಎದುರಿಗೇ ಇಳಿದಳು. ಇಡೀ ಬಸ್ಸು ಕಿಟಕಿಗೆ ಬಂತು. ಅರ್ಧ ಗಂಟೆಯಲ್ಲಿ ಮತ್ತೆ ಹತ್ತಿ ಹನ್ನೊಂದಕ್ಕೆ ಬಂದಳು. ಮತ್ತೆ ಹನ್ನೆರಡಕ್ಕೆ ಹೋದಳು. ನಾಲ್ಕನೇ ಸುತ್ತಿನಲ್ಲಿ ನಾನೇ ಅವಳ ಪಕ್ಕ ಕೂತೆ.

‘ಏನವ್ವಾ, ಏನಾದ್ರೂ ಮರೆತುಬಿಟ್ಟು ಬಂದ್ಯಾ?’

‘ನಾ ಏನೂ ಮರ್ತಿಲ್ರಿ ಅಕ್ಕಾರ. ಅವರ ನನ್ನ ಮರ್ತಾರ,’ ಎಂದಳು. ಆಮೇಲೆ ದನಿ ತಗ್ಗಿಸದೆ ಎಲ್ಲ ಹೇಳಿದಳು. ಅವಳಿಗೂ ಗಂಡ ದುರ್ಗಪ್ಪನಿಗೂ ಹನ್ನೊಂದರ ಮಾತ್ರೆ. ನಾಲ್ಕು ವರ್ಷದ ಮಗಳಿದ್ದಾಳೆ, ಅವಳಿಗೆ ಏನೂ ಇಲ್ಲ. ಈಗಲೇ ಇನ್ನೊಂದು ಬೇಡವೆಂದು ಹನ್ನೆರಡಕ್ಕೆ ಹೋಗಿ ತೋಳಿನ ಚರ್ಮದಡಿ ಕಡ್ಡಿ ಹಾಕಿಸಿಕೊಂಡಿದ್ದಳು. ಬೆಂಕಿಕಡ್ಡಿಯಷ್ಟು ಉದ್ದದ್ದು, ಮೂರು ವರ್ಷ ಮಕ್ಕಳಾಗುವುದಿಲ್ಲ ಎಂದಿದ್ದರು. ‘ಬೇರೆ ಮಾತ್ರೆ ಏನಾದರೂ ತಗೋತೀಯಾ?’ ಎಂದು ಅಲ್ಲಿ ಕೇಳಿದ್ದರು ನಿಜ. ಅವಳ ಬೆನ್ನಿಗೇ ಅವಳ ಓಣಿಯ ಏಳು ಹೆಂಗಸರು ಸಾಲಿನಲ್ಲಿದ್ದರು. ‘ಇಲ್ಲ’ ಎಂದಿದ್ದಳು. ಈಗ ಹತ್ತು ವಾರದ ಬಸುರಿ.

‘ಡಾಕ್ಟರ್ ಏನಂದ್ರು?’

‘ಬಸುರಿ ವಿಷಯ ಹನ್ನೆರಡರದ್ದಮ್ಮ, ನಾನು ಬಾಯಿ ಹಾಕಿದ್ರೆ ಅವರಿಗೆ ಬೇಜಾರಾಗುತ್ತೆ ಅಂದ್ರು. ಹನ್ನೆರಡರ ಸಿಸ್ಟರು, ಕಡ್ಡಿ ಇದ್ದಾಗ ಹಿಂಗ ಆಗೂದು ಭಾಳ ಕಮ್ಮಿ, ನೀ ಯಾವುದರ ಮಾತ್ರೆ ತಗೋತಿರಬೇಕು, ಆದ್ರ ಅದು ಹನ್ನೊಂದರ ಗುಟ್ಟು, ನಾನು ಕೇಳೋ ಹಂಗಿಲ್ಲ, ಅಲ್ಲೇ ಹೋಗಿ ಕೇಳು ಅಂದ್ರು. ಇಬ್ರೂ ಭಾಳ ಮರ್ಯಾದಸ್ಥರು.’

ಅದು ಸತ್ಯ. ಇಬ್ಬರೂ ಒಳ್ಳೆಯವರು. ಪದ್ಮರಾಜಯ್ಯನವರು ರೋಗಿಗೆ ತಾವೇ ಕುರ್ಚಿ ಎಳೆದು ಕೊಡುವವರು. ಹನ್ನೆರಡರ ಎಸ್ತರ್ ಸಿಸ್ಟರು ಬಾಣಂತಿಯರ ಕಾಲಿಗೆ ತಮ್ಮ ಸಾಕ್ಸು ಬಿಚ್ಚಿ ತೊಡಿಸಿದವರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದು ವರ್ಷಕ್ಕೆ ಒಂದು ದಿನ. ಉಳಿದ ದಿನ ನನ್ನ ಚೀಲದಲ್ಲಿ ಅವರ ಪತ್ರಗಳು ಹೋಗಿ ಬರುತ್ತಿದ್ದವು. ಅಂದೂ ಹುಲಿಗೆಮ್ಮನ ವಿಷಯಕ್ಕೆ ಆರು ಪತ್ರ ಹೊತ್ತೆ. ಎಲ್ಲದರ ಕೊನೆಗೂ ಒಂದೇ ಸಾಲು: ‘ಈ ಬಗ್ಗೆ ತಮ್ಮ ಕೋಣೆಯ ಅಭಿಪ್ರಾಯವೇ ಅಂತಿಮ.’ ಸಂಜೆ ಐದಕ್ಕೆ ಕಚೇರಿ ಮುಚ್ಚುವ ಹೊತ್ತಿಗೆ ಅವಳು ಎಂಟು ಸುತ್ತು ಹಾಕಿದ್ದಳು. ಇಳಿಯುವಾಗ, ‘ಅಕ್ಕಾರ, ಹೊಟ್ಯಾಗಿನ ಕೂಸು ಹುಟ್ಟೂದ್ರೊಳಗ ಯಾರರ ಒಬ್ರು ಇದು ನಮ್ಮ ಕೋಣಿದು ಅಂದ್ರ ಸಾಕು,’ ಎಂದು ನಕ್ಕಳು.

ಆ ಗುರುವಾರ ಗೋಡೆ ಅಳೆಯುವ ದಿನ. ವರ್ಷಕ್ಕೊಮ್ಮೆ ಗೋಡೆ ಇಲಾಖೆಯ ಮಾಪಕರು ತಿಪ್ಪೇಸ್ವಾಮಿಯವರು ಬರುತ್ತಾರೆ. ಬಸ್ಸಿನ ಹಿಂಭಾಗಕ್ಕೆ ಸೈಕಲ್ಲಿನ ಚಕ್ರವೊಂದನ್ನು ಕಟ್ಟುತ್ತಾರೆ, ಸುತ್ತು ಮುಗಿದಾಗಲೆಲ್ಲ ಅದು ಟಕ್ಕೆನ್ನುತ್ತದೆ. ಹಿಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಕೂತು, ಚಕ್ರದಿಂದ ಕಣ್ಣು ಕೀಳದೆ, ಆ ಟಕ್ಕುಗಳನ್ನು ಎಣಿಸುತ್ತಾರೆ. ಹನ್ನೊಂದರಲ್ಲಿ ಶುರು, ಹನ್ನೆರಡರಲ್ಲಿ ಮುಕ್ತಾಯ. ಸಾಕ್ಷಿಗಳಾಗಿ ಎರಡೂ ಕೋಣೆಯ ಮುಖ್ಯಸ್ಥರು ಬಸ್ಸಿನಲ್ಲಿ ಇರಲೇಬೇಕು. ನಾನು ಹಿಂದಿನ ದಿನವೇ ಹುಲಿಗೆಮ್ಮನ ಮನೆಗೆ ಹೋಗಿ ಬರಹೇಳಿದ್ದೆ. ಬೆಳಿಗ್ಗೆ ಮೈಲಾರಪ್ಪನಿಗೆ ಹೇಳಿದೆ: ‘ಇವತ್ತು ಹನ್ನೆರಡರಲ್ಲಿ ನಿಲ್ಲಿಸಬೇಡ. ಗೋಡೆಯ ಹಿಂದಿನ ರಸ್ತೆ ಹಿಡಿದು ಸುತ್ತು ಹಾಕು. ನಾನು ಸೀಟಿ ಊದೋವರೆಗೆ.’

‘ಯಾಕ?’

‘ಒಬ್ಬಳ ಮಾತು ಮುಗೀಬೇಕು.’

ಅವನು ಕನ್ನಡಿ ಒರೆಸಿದ. ‘ಬ್ರೇಕ್ ಹಿಡೀವಲ್ದು ಅಂತ ಹೇಳ್ತೀನಿ ಬಿಡು,’ ಎಂದ.

ಡಾಕ್ಟರನ್ನೂ ಸಿಸ್ಟರನ್ನೂ ಒಂದೇ ಸೀಟಿನಲ್ಲಿ ಕೂರಿಸಿ, ಎದುರಿನ ಸೀಟಿನಲ್ಲಿ ಹುಲಿಗೆಮ್ಮನನ್ನು ಕೂರಿಸಿದೆ. ನಡುವಿನ ಸ್ಟಾಪು ದಾಟುವವರೆಗೆ ಮೂವರೂ ಕಿಟಕಿ ನೋಡಿದರು. ಕೊನೆಗೆ ನಾನು ಟಪಾಲು ಚೀಲ ಬಿಚ್ಚಿ, ಆರೂ ಪತ್ರಗಳನ್ನು ಅವರ ತೊಡೆಯ ಮೇಲೆ ಹರಡಿ, ‘ಇವನ್ನು ಹೊತ್ತು ಹೊತ್ತು ನನ್ನ ಹೆಗಲು ಹೋಯ್ತು. ಬಾಯಲ್ಲಿ ಹೇಳಿಕೊಳ್ಳಿ,’ ಎಂದೆ. ನನ್ನ ದನಿ ನನಗೇ ಗಟ್ಟಿ ಕೇಳಿಸಿತು.

ಹುಲಿಗೆಮ್ಮ ಎಡತೋಳು ಮುಂದೆ ಚಾಚಿದಳು. ಬಲಗೈಯಲ್ಲಿ ಮಾತ್ರೆಯ ಡಬ್ಬಿ ಹಿಡಿದಳು. ‘ಇದು ಇವರ ಕೊಟ್ಟಿದ್ದು. ಇದು ಅವರ ಹಾಕಿದ್ದು. ನಾ ಮಾತ್ರ ಒಬ್ಬಾಕೀನೇ ಅದೀನಿ,’ ಎಂದಳು.

ಎಸ್ತರ್ ಸಿಸ್ಟರು ಡಬ್ಬಿ ತೆಗೆದುಕೊಂಡು ಹೆಸರು ಓದಿದರು. ಮತ್ತೆ ಓದಿದರು. ‘ಡಾಕ್ಟ್ರೇ, ಈ ಹಳೇ ಮಾತ್ರೆ ತಗೊಳ್ಳೋರಿಗೆ ಕಡ್ಡಿಯ ಶಕ್ತಿ ಕಮ್ಮಿಯಾಗುತ್ತೆ. ನನಗೆ ಗೊತ್ತಿದ್ದಿದ್ರೆ ಗರ್ಭಕೋಶಕ್ಕೆ ತಾಮ್ರದ್ದು, ಕಾಪರ್-ಟಿ, ಹಾಕ್ತಿದ್ದೆ. ಅದಕ್ಕೂ ಮಾತ್ರೆಗೂ ಸಂಬಂಧವೇ ಇಲ್ಲ.’

‘ನನಗೆ ಗೊತ್ತಿದ್ದಿದ್ರೆ ಮಾತ್ರೆಯನ್ನೇ ಬದಲಾಯಿಸ್ತಿದ್ದೆ,’ ಎಂದರು ಪದ್ಮರಾಜಯ್ಯ. ‘ಹೊಸ ಮಾತ್ರೆ ಬಂದು ಎಷ್ಟು ಕಾಲವಾಯ್ತು. ತೋಳು ನೋಡಲೇ ಇಲ್ಲ ನಾನು. ತೋಳು ನಿಮ್ಮದು ಅಂದುಕೊಂಡಿದ್ದೆ.’

‘ತೋಳ ನಂದರಿ,’ ಎಂದಳು ಹುಲಿಗೆಮ್ಮ.

ಹನ್ನೆರಡನೇ ಕೋಣೆ ಕಿಟಕಿಯ ಪಕ್ಕದಲ್ಲಿ ಹಾದು ಹಿಂದೆ ಹೋಯಿತು. ಮೈಲಾರಪ್ಪ ‘ಬ್ರೇಕು! ಬ್ರೇಕು!’ ಎಂದು ಕೂಗಿದ, ಸಾಕಷ್ಟು ಸಮಾಧಾನದಿಂದಲೇ. ಹಿಂದಿನ ಸೀಟಿನಲ್ಲಿ ತಿಪ್ಪೇಸ್ವಾಮಿಯವರು, ‘ಮಾತಾಡಿಸಬೇಡ್ರಿ, ಸಾವಿರದ ಒಂಬೈನೂರ ಏಳು, ಎಂಟು’ ಎನ್ನುತ್ತಿದ್ದರು.

ಎರಡನೇ ಸುತ್ತಿನಲ್ಲಿ ಸಿಸ್ಟರು ಒಂದು ಪ್ರಶ್ನೆ ಕೇಳಿದರು. ಎಂಟು ಸುತ್ತು ಹಾಕಿದವಳನ್ನು ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ‘ನಿನಗೆ ಏನು ಬೇಕಮ್ಮ? ಬೇಡ ಅಂದ್ರೆ ಅದಕ್ಕೆ ಇನ್ನೂ ಸಮಯ ಇದೆ, ನಾನೇ ಜೊತೆಗೆ ನಿಂತು ಮಾಡಿಸ್ತೀನಿ. ಬೇಕು ಅಂದ್ರೆ ಅದಕ್ಕೂ ದಾರಿ ಇದೆ.’

‘ಕೂಸಿಗೆ ಬರ್ತೈತೇನ್ರಿ?’

ಡಾಕ್ಟರು ಮುಂದಕ್ಕೆ ಬಾಗಿದರು. ‘ನಿನ್ನ ರಕ್ತದಲ್ಲಿ ವೈರಸ್ಸು ಕಾಣದಷ್ಟು ಕಮ್ಮಿ ಇದೆ. ಮಾತ್ರೆ ಬಿಡದೆ ತಗೊಂಡಿದ್ದೀಯ. ಹೀಗೇ ಇದ್ರೆ ಮಗುವಿಗೆ ದಾಟೋ ಸಂಭವ ತುಂಬಾ ತುಂಬಾ ಕಮ್ಮಿ. ಹುಟ್ಟಿದ ಮೇಲೆ ಮಗುವಿಗೆ ಕೆಲವು ವಾರ ಸಿರಪ್ ಕೊಡ್ತೀವಿ, ಪರೀಕ್ಷೆ ಮಾಡ್ತಾ ಇರ್ತೀವಿ.’

ಹುಲಿಗೆಮ್ಮ ಕುತ್ತಿಗೆಯ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. ಬಸ್ಸಿನಲ್ಲಿ ನಲವತ್ತು ಜನ ಉತ್ತರಕ್ಕೆ ಕಾಯುತ್ತಿದ್ದರು. ‘ಇಷ್ಟು ಮಂದಿ ಮುಂದ ಹೇಳೂದಿಲ್ರಿ,’ ಎಂದಳು ಕೊನೆಗೆ. ‘ಮನ್ಯಾಗ ಮಾತಾಡಿ ಶನಿವಾರ ಹೇಳ್ತೀನಿ.’ ಆಗ ನಾನು ಸೀಟಿ ಊದಿದೆ. ಮೂರನೇ ಸುತ್ತು ಮುಗಿದಿತ್ತು. ತಿಪ್ಪೇಸ್ವಾಮಿಯವರು ಬೆವರು ಒರೆಸಿಕೊಂಡು, ಗೋಡೆ ಒಂದೇ ವರ್ಷದಲ್ಲಿ ಆರು ಪಟ್ಟು ದಪ್ಪವಾಗಿದೆ ಎಂದು ಘೋಷಿಸಿ, ಇಬ್ಬರು ಸಾಕ್ಷಿಗಳ ಸಹಿ ಪಡೆದು ಹೋದರು. ಇಬ್ಬರೂ ಮಾತಿನಲ್ಲಿ ಎಷ್ಟು ಮುಳುಗಿದ್ದರೆಂದರೆ ಏನಕ್ಕೆ ಸಹಿ ಹಾಕಿದೆವೆಂದು ನೋಡಲೇ ಇಲ್ಲ.

ಶನಿವಾರ ಹುಲಿಗೆಮ್ಮ ‘ಇರಲಿ ಬಿಡ್ರಿ’ ಎಂದಳು. ಸಿಸ್ಟರು ತೋಳಿನ ಕಡ್ಡಿ ತೆಗೆದರು, ಡಾಕ್ಟರು ಮಾತ್ರೆ ಬದಲಾಯಿಸಿದರು. ಎರಡನ್ನೂ ಬಸ್ಸಿನಲ್ಲೇ ಮಾಡಿದರು. ಹಿಂದಿನ ನಾಲ್ಕು ಸೀಟು ಕಿತ್ತು, ನನ್ನ ಎರಡು ಹಳೇ ಸೀರೆ ಪರದೆಯಾಗಿ ಕಟ್ಟಿ, ಬಸ್ಸನ್ನು ನಡುವಿನ ಸ್ಟಾಪಿನಲ್ಲಿ ನಿಲ್ಲಿಸಿಕೊಂಡಿದ್ದೆವು. ಆಮೇಲೆ ಮಂಗಳವಾರ, ಶನಿವಾರ ಬೆಳಗಿನ ಹೊತ್ತು ಬಸ್ಸು ಅಲ್ಲೇ ನಿಲ್ಲುತ್ತಿತ್ತು, ಇಬ್ಬರೂ ಬಂದು ಕೂರತೊಡಗಿದರು. ಒಂದೇ ಕುರ್ಚಿ, ಒಂದೇ ಚೀಟಿ. ಮಾತ್ರೆ ಕೊಡುವಾಗಲೇ ‘ಮಕ್ಕಳು ಬೇಕಾ? ಯಾವಾಗ?’ ಎಂದು ಕೇಳುತ್ತಿದ್ದರು. ಎಸ್ತರ್ ಸಿಸ್ಟರು ಜಾಣೆ. ಪರದೆಯ ಹಿಂದೆ ಬಿಪಿ ನೋಡುವುದು, ರಕ್ತಹೀನತೆಗೆ ಮಾತ್ರೆ ಕೊಡುವುದು, ಗಿರಣಿಯವನ ಹೆಂಡತಿಯ ಸೊಂಟನೋವಿಗೆ ಎಣ್ಣೆ ತಿಕ್ಕುವುದು, ಎಲ್ಲ ಶುರು ಮಾಡಿದರು. ಯಾರು ಯಾವುದಕ್ಕೆ ಒಳಗೆ ಹೋದರೆಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಬಳೆ ಅಂಗಡಿಯವರಿಬ್ಬರು ವ್ಯಾಪಾರ ಬಿತ್ತೆಂದು ನನ್ನ ಜೊತೆ ಮಾತು ಬಿಟ್ಟರು. ಹೆಂಗಸರು ಬಸ್ಸಿಗೆ ಹೆಸರಿಟ್ಟರು: ಹನ್ನೊಂದೂವರೆ. ‘ಎಲ್ಲಿಗೆ ಹೊಂಟಿ?’ ‘ಹನ್ನೊಂದೂವರೆಗೆ.’ ಕೇಳಿದವರು ಗಡಿಯಾರ ನೋಡಿಕೊಂಡು ಸುಮ್ಮನಾಗುತ್ತಿದ್ದರು.

ಐದು ತಿಂಗಳ ಮೇಲೆ ತಿಪ್ಪೇಸ್ವಾಮಿಯವರು ಆದೇಶ ಹಿಡಿದು ಬಂದರು. ಬಸ್ಸು ಸಾರಿಗೆ, ಕೋಣೆಯಲ್ಲ. ಚಿಕಿತ್ಸೆ ಕೋಣೆಯಲ್ಲೇ ಆಗತಕ್ಕದ್ದು. ಪರದೆ ಬಿಚ್ಚಿ, ಸೀಟು ಕೂರಿಸಿ, ಇಬ್ಬರೂ ತಂತಮ್ಮ ಕಡೆಗೆ ಮರಳತಕ್ಕದ್ದು. ಅವತ್ತು ಸಾಲಿನಲ್ಲಿ ಇಪ್ಪತ್ತಮೂರು ಹೆಂಗಸರಿದ್ದರು. ಡಾಕ್ಟರು ಕನ್ನಡಕ ತೆಗೆದು ಒರೆಸಲು ಶುರುಮಾಡಿದರು. ಅವರು ಸೋಲುವಾಗ ಹಾಗೆಯೇ ಮಾಡುತ್ತಾರೆ. ಹುಲಿಗೆಮ್ಮ ಏಳೂವರೆ ತಿಂಗಳ ಹೊಟ್ಟೆ ಹೊತ್ತು ಎದ್ದು ನಿಂತಳು.

‘ಸಾಹೇಬ್ರ, ಗ್ವಾಡಿ ಎಷ್ಟು ದಪ್ಪ ಐತಿ ಅಂತ ಬರ್ದೀರಿ ನೀವು?’

‘ಹೋದ ವರ್ಷಕ್ಕಿಂತ ಆರು ಪಟ್ಟು. ನಾನೇ ಎಣಿಸಿದ್ದು.’

‘ಖರೇನ ಅಷ್ಟು ಐತೇನ್ರಿ?’

‘ನನ್ನ ಎಣಿಕೆ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ,’ ಎಂದು ಅವರು ಕಾಲರ್ ಸರಿಮಾಡಿಕೊಂಡರು.

‘ಮತ್ತ ಬಸ್ಸು ನಲವತ್ತ ನಿಮಿಷದಾಗ ದಾಟ್ತೈತಿ. ಉಳಿದ ಗ್ವಾಡಿ ಎಲ್ಲಿ ಹೋತು? ನಡುವ ಒಂದು ಕೋಣಿ ಇರಾಕs ಬೇಕು. ಇಲ್ಲಾಂದ್ರ ನಿಮ್ಮ ಲೆಕ್ಕ ತಪ್ಪು.’

ತಿಪ್ಪೇಸ್ವಾಮಿಯವರು ಗೋಡೆ ನೋಡಿದರು, ಬಸ್ಸು ನೋಡಿದರು, ಸಾಲಿನಲ್ಲಿದ್ದ ಇಪ್ಪತ್ತಮೂರು ಮುಖ ನೋಡಿದರು. ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದ ಮನುಷ್ಯ. ಆದೇಶದ ಹಾಳೆಯನ್ನು ಮಗುಚಿ, ಹಿಂಬದಿಯಲ್ಲಿ ‘ಗೋಡೆಯೊಳಗೆ ಒಂದು ಕೋಣೆ ಇರುವುದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿದೆ, ಸಂಖ್ಯೆ ಹನ್ನೊಂದೂವರೆ’ ಎಂದು ಬರೆದರು. ಹೋಗುವಾಗ ತಗ್ಗಿದ ದನಿಯಲ್ಲಿ ಸಿಸ್ಟರನ್ನು ಕೇಳಿದರು: ‘ನನಗೂ ಬಿಪಿ ನೋಡ್ತೀರಾ?’

ಹುಲಿಗೆಮ್ಮನಿಗೆ ಗಂಡು ಮಗು ಆಯಿತು. ಆರು ವಾರದ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಕೊನೆಯ ಪರೀಕ್ಷೆಗೆ ಇನ್ನೂ ವರ್ಷ ಮೇಲಾಗಬೇಕು ಎಂದರೂ ಆಕೆ ಬಸ್ಸಿಗೆಲ್ಲ ಮಂಡಕ್ಕಿ ಹಂಚಿದಳು. ಅದೇ ದಿನ ಪರದೆಯೊಳಗೆ ಹೋಗಿ ತಾಮ್ರದ್ದು ಹಾಕಿಸಿಕೊಂಡು ಹೊರಬಂದು, ‘ಇನ್ನ ಹತ್ತು ವರ್ಷ ನನ್ನ ಕರೀಬ್ಯಾಡ್ರಿ’ ಎಂದಳು. ನಾನೂ ಮಂಡಕ್ಕಿ ತಿಂದೆ. ತಿನ್ನುತ್ತ ತಿನ್ನುತ್ತ ನನಗೆ ನಾಚಿಕೆಯಾಯಿತು. ವರ್ಷವಿಡೀ ಹೆಂಗಸರ ಕೈ ಹಿಡಿದು ಹತ್ತಿಸಿ, ‘ಹೆದರಬೇಡಿ, ಹೇಳಿಬಿಡಿ’ ಎನ್ನುತ್ತಿದ್ದವಳು ನಾನು.

ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಮೈಲಾರಪ್ಪನಿಗೆ ಹೇಳಿದೆ. ಆರು ವರ್ಷದಿಂದ ಮಾತ್ರೆ ತಗೋತಿದ್ದೇನೆ ಎಂದೆ. ಅವತ್ತು ಉತ್ತರ ಕೊಡದೇ ಇದ್ದದ್ದು ಅದಕ್ಕೇ ಎಂದೆ. ಅವನು ಚಟ್ನಿಯ ಚಮಚ ಕೆಳಗಿಟ್ಟ. ‘ಟಪಾಲು ಚೀಲದಾಗ?’ ಎಂದ. ‘ಹೂಂ.’ ಅವನು ಡಬ್ಬಿ ಮುಚ್ಚಿ, ಬಸ್ಸು ಹತ್ತಿ ಸ್ಟಾರ್ಟ್ ಮಾಡಿದ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬದಲಿ ಡ್ರೈವರು ಎಮ್ಮೆ ಕಂಡರೂ ಹಾರ್ನ್ ಮಾಡುತ್ತಿದ್ದ, ಕಾಣದಿದ್ದರೂ ಮಾಡುತ್ತಿದ್ದ. ನಾನು ಒಬ್ಬಳೇ ಉಂಡೆ. ಹೇಳದೇ ಇದ್ದಿದ್ದರೆ ಕನಿಷ್ಠ ಚಟ್ನಿಯಾದರೂ ಇರುತ್ತಿತ್ತು ಎಂದುಕೊಂಡೆ.

ನಾಲ್ಕನೇ ದಿನ, ಮಂಗಳವಾರ, ಮೈಲಾರಪ್ಪ ಬಂದ. ತಲೆ ಬಾಚಿರಲಿಲ್ಲ. ಡ್ರೈವರ್ ಸೀಟಿನ ಕಡೆ ಹೋಗದೆ ನೇರ ನನ್ನ ಮುಂದೆ ಬಂದು ನಿಂತ.

‘ಹನ್ನೊಂದಕ್ಕ ಹೋಗಿದ್ದೆ. ರಕ್ತ ಕೊಟ್ಟೆ. ನನಗೇನೂ ಇಲ್ಲಂತ,’ ಎಂದ. ‘ಮಾತ್ರೆ ಬಿಡದ ತಗೊಂಡು, ರಕ್ತದಾಗ ಕಾಣದಂಗ ಇದ್ದಾಕಿಯಿಂದ ನನಗ ದಾಟೂದಿಲ್ಲೇನು ಅಂತ ಡಾಕ್ಟರಿಗೆ ಕೇಳಿದೆ. ಯಾರ ಬಗ್ಗೆ ಕೇಳ್ತಿದ್ದೀಯೋ ನನಗೆ ಗೊತ್ತಿಲ್ಲ, ಆದ್ರೆ ಅಂಥ ಯಾರಿಂದಲೂ ದಾಟಲ್ಲ ಅಂದ್ರು. ಭಾಳ ಮರ್ಯಾದಸ್ಥ ಮನಷ್ಯಾ.’

‘ಅದನ್ನ ಕೇಳೋಕೆ ಮೂರು ದಿನ ಬೇಕಾಯ್ತಾ?’

‘ಒಂದಿನ ಕೇಳಾಕ. ಎರಡ ದಿನ ಸಿಟ್ಟ ಇಳ್ಯಾಕ. ಎರಡ ವರ್ಷ ನನ್ನ ಬಾಜೂಕ ಕುಂತು ಒಬ್ಬಾಕೀನ ಹೊತ್ತೀ ಅಂತ ಸಿಟ್ಟು.’ ಅವನು ಪರದೆ ಸರಿಸಿದ. ‘ಬಾ.’

ಒಳಗೆ ಒಂದೇ ಕುರ್ಚಿ. ನಾನು ಕೂತೆ, ಅವನು ಸ್ಟೆಪ್ನಿ ಟೈರಿನ ಮೇಲೆ ಕೂತ. ಎಸ್ತರ್ ಸಿಸ್ಟರು ನಮ್ಮಿಬ್ಬರನ್ನೂ ನೋಡಿ ಏನೂ ಆಶ್ಚರ್ಯ ತೋರಿಸಲಿಲ್ಲ. ಡಾಕ್ಟರು ಮಾತ್ರ ಕಿಟಕಿಯ ಕಡೆ ತಿರುಗಿ ಮುಗುಳ್ನಕ್ಕರು. ‘ಮೊದಲ ಪ್ರಶ್ನೆ,’ ಎಂದರು ಸಿಸ್ಟರು. ‘ಮಕ್ಕಳು ಬೇಕಾ, ಬೇಡವಾ?’

‘ಬೇಡ,’ ಎಂದೆ ನಾನು.

‘ಒಂದ,’ ಎಂದ ಮೈಲಾರಪ್ಪ, ಅದೇ ಕ್ಷಣಕ್ಕೆ.

ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ಸಿಸ್ಟರು ಪೆನ್ನು ಕೆಳಗಿಟ್ಟು, ‘ಪರದೆ ಸರಿಯಾಗಿ ಎಳ್ಕೊಳ್ಳಿ, ಇದಕ್ಕೆ ಹೊತ್ತು ಹಿಡಿಯುತ್ತೆ,’ ಎಂದರು. ಹೊರಗೆ ಜನ ಬಸ್ಸು ಇನ್ನೂ ಯಾಕೆ ಹೊರಟಿಲ್ಲ ಎಂದು ತಗಡು ಬಡಿಯುತ್ತಿದ್ದರು. ಡ್ರೈವರೂ ಕಂಡಕ್ಟರೂ ಒಳಗೆ ಜಗಳ ಆಡುತ್ತಿದ್ದೆವು.